ಗಣಕ ನಿಯಂತ್ರಿತ ಯಂತ್ರದಿಂದ ಮರದಲ್ಲಿ ಚಿತ್ರ ಕೆತ್ತನೆ: ಅರ್ಜಿದಾರರಿಗೆ ಹಾಗೂ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಜಯನಗರ, ಜೆ.ಪಿ. ನಗರ, ಬನಶಂಕರಿ ಹಾಗೂ ಬಿ.ಟಿ.ಎಂ. ಬಡಾವಣೆಗಳನ್ನೊಳಗೊಂಡ ದಕ್ಷಿಣ ಬೆಂಗಳೂರಿನಲ್ಲಿ ಮನೆಯ ಹೆಬ್ಬಾಗಿಲು, ದೇವರ ಮನೆಯ ಬಾಗಿಲು, ನಾಮಫಲಕ ಮತ್ತು ಗೋಡೆಯ ಉಬ್ಬುಚಿತ್ರಗಳ ಕೆತ್ತನೆಗೆ ಗಣಕ ನಿಯಂತ್ರಿತ ಯಂತ್ರಗಳ ಬಳಕೆ ರೂಢಿಗೆ ಬಂದಿದೆ. ವ್ಯವಹಾರದಲ್ಲಿ ಈ ಯಂತ್ರವನ್ನು ಸಿ.ಎನ್.ಸಿ. ರೂಟರ್ ಎಂದು ಕರೆಯಲಾಗುತ್ತದೆ. ಮರಗೆಲಸವನ್ನೇ ನಂಬಿರುವ ಕುಟುಂಬಗಳೂ, ಹೊಸದಾಗಿ ಉದ್ಯಮ ಆರಂಭಿಸಲು ಇಚ್ಛಿಸುವ ಯುವಕ ಯುವತಿಯರೂ ಸಾಲ ಪಡೆದು ಇಂತಹ ಯಂತ್ರವನ್ನು ಖರೀದಿಸಲು ಮುಂದಾಗುತ್ತಿದ್ದಾರೆ.

ಯಂತ್ರದ ಕಾರ್ಯವಿಧಾನ ತಿಳಿಯದೆ ಖರೀದಿಸಿದಲ್ಲಿ ಸಾಲದ ಕಂತು ಹೊರೆಯಾಗುತ್ತದೆ. ಕೈಕೆತ್ತನೆ ಮತ್ತು ಯಂತ್ರಕೆತ್ತನೆಗಳನ್ನು ಕಾನೂನು ಬೇರೆ ಬೇರೆಯಾಗಿ ಪರಿಗಣಿಸುತ್ತದೆ ಎಂಬುದು ತಿಳಿಯದೆ ಅರ್ಜಿ ಸಲ್ಲಿಸಿದಲ್ಲಿ ಅರ್ಜಿಯು ಹಿಂತಿರುಗುತ್ತದೆ. ಆದುದರಿಂದ ಯಂತ್ರದ ಪರಿಚಯ, ಕೆತ್ತನೆಯ ಕ್ರಮ, ಮರದ ಆಯ್ಕೆ, ಅಗತ್ಯ ಅನುಮತಿಗಳು, ನೋಂದಣಿ ಹಾಗೂ ಆರ್ಥಿಕ ನೆರವಿನ ವಿವರಗಳನ್ನು ಇಲ್ಲಿ ಒಂದೆಡೆ ನೀಡಲಾಗಿದೆ.

2. ಹಿನ್ನೆಲೆ

ಕರ್ನಾಟಕದಲ್ಲಿ ಮರದ ಕೆತ್ತನೆಗೆ ದೀರ್ಘ ಪರಂಪರೆಯಿದೆ. ಶಿವಮೊಗ್ಗ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಸಾಗರ, ಸೊರಬ, ಶಿರಸಿ, ಸಿದ್ದಾಪುರ ಮುಂತಾದ ಕಡೆ ಗುಡಿಗಾರ ಮನೆತನಗಳು ಶ್ರೀಗಂಧ ಮತ್ತಿತರ ಮರಗಳಲ್ಲಿ ಸೂಕ್ಷ್ಮ ಕೆತ್ತನೆಯನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದಿವೆ. ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸವು ಭೌಗೋಳಿಕ ಸೂಚಕ ಮಾನ್ಯತೆಯನ್ನು ಪಡೆದಿದೆ. ಬೆಂಗಳೂರಿನಲ್ಲಿಯೇ, 1791ರಲ್ಲಿ ಪೂರ್ಣಗೊಂಡ ಟಿಪ್ಪು ಸುಲ್ತಾನನ ಬೇಸಿಗೆ ಅರಮನೆಯ ತೇಗದ ಕಂಬ ಮತ್ತು ಕಮಾನುಗಳು ಈ ಕಲೆಗೆ ಸಾಕ್ಷಿಯಾಗಿವೆ. ಇಂತಹ ವಸ್ತುಗಳ ಮಾರಾಟಕ್ಕೆ ನೆರವಾಗಲು 1964ರಲ್ಲಿ ಸ್ಥಾಪನೆಯಾದ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮವು 'ಕಾವೇರಿ' ಮಳಿಗೆಗಳನ್ನು ನಡೆಸುತ್ತಿದೆ.

ಸಂಖ್ಯೆಗಳ ಮೂಲಕ ಯಂತ್ರವನ್ನು ನಡೆಸುವ ವಿಧಾನವು ಲೋಹ ಕತ್ತರಿಸುವ ಕೆಲಸಕ್ಕಾಗಿ ಹುಟ್ಟಿದ್ದು. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ 1952ರಲ್ಲಿ ಇಂತಹ ಯಂತ್ರವನ್ನು ಪ್ರದರ್ಶಿಸಲಾಯಿತು. ಗಣಕಯಂತ್ರಗಳು ಅಗ್ಗವಾದಂತೆ ಅದೇ ವಿಧಾನವು ಮರಗೆಲಸಕ್ಕೂ ಬಂದಿತು. ಹೆಬ್ಬಾಗಿಲಿನ ಮೇಲೆ ಗಜಲಕ್ಷ್ಮಿಯನ್ನು ಬಯಸುವ ಗ್ರಾಹಕರ ಮುಂದೆ ಇಂದು ಉಳಿಯ ಕೆಲಸ ಹಾಗೂ ಯಂತ್ರದ ಕೆಲಸ ಎಂಬ ಎರಡು ಆಯ್ಕೆಗಳಿವೆ.

3. ಯಂತ್ರದ ಪರಿಚಯ

ಈ ಯಂತ್ರದಲ್ಲಿ ಹಲಗೆಯನ್ನು ಬಿಗಿದಿಡುವ ಸಮತಟ್ಟಾದ ಮೇಜು ಹಾಗೂ ಅದರ ಮೇಲೆ ಚಲಿಸುವ ಅಡ್ಡತೊಲೆ ಇರುತ್ತವೆ. ತೊಲೆಗೆ ಅಳವಡಿಸಿದ ಮೋಟಾರನ್ನು ಸ್ಪಿಂಡಲ್ ಎನ್ನುತ್ತಾರೆ. ಇದು ನಿಮಿಷಕ್ಕೆ ಸಾಮಾನ್ಯವಾಗಿ 18,000 ರಿಂದ 24,000 ಸುತ್ತು ತಿರುಗುತ್ತದೆ. ಸ್ಪಿಂಡಲಿನ ತುದಿಗೆ ಸಿಕ್ಕಿಸುವ ಕತ್ತರಿಸುವ ಅಲಗನ್ನು ಬಿಟ್ ಎನ್ನಲಾಗುತ್ತದೆ. ಬಿಟ್ ಎಡ-ಬಲ, ಹಿಂದೆ-ಮುಂದೆ ಹಾಗೂ ಮೇಲೆ-ಕೆಳಗೆ ಎಂಬ ಮೂರು ದಿಕ್ಕುಗಳಲ್ಲಿ ಚಲಿಸುವುದರಿಂದ ಇದನ್ನು ಮೂರು ಅಕ್ಷದ ಯಂತ್ರವೆಂದು ಕರೆಯುತ್ತಾರೆ. 4 ಅಡಿ ಅಗಲ ಮತ್ತು 8 ಅಡಿ ಉದ್ದದ ಹಲಗೆ ಹಿಡಿಯುವ ಮೇಜು ಬಾಗಿಲು ಕೆಲಸಕ್ಕೆ ಸಾಮಾನ್ಯ ಅಳತೆಯಾಗಿದೆ. ನಾಮಫಲಕ ಮತ್ತು ಚಿಕ್ಕ ಚಿತ್ರಗಳಿಗೆ ಇದಕ್ಕಿಂತ ಬಹಳ ಸಣ್ಣ ಯಂತ್ರಗಳೂ ಸಾಕಾಗುತ್ತವೆ.

ಬಿಟ್‌ಗಳ ಮುಖ್ಯ ವಿಧಗಳು ಈ ಕೆಳಕಂಡಂತಿವೆ.

(ಅ) ಚಪ್ಪಟೆ ತುದಿಯ ಬಿಟ್: ಹೆಚ್ಚುವರಿ ಮರವನ್ನು ಬೇಗನೆ ತೆಗೆದುಹಾಕುವ ಒರಟು ಕೆತ್ತನೆಗೆ.
(ಆ) ಗುಂಡು ತುದಿಯ ಬಿಟ್: ಮುಖ, ಬಳ್ಳಿ, ಹೂವುಗಳಂತಹ ಉಬ್ಬುಚಿತ್ರಗಳ ನಯ ಕೆತ್ತನೆಗೆ.
(ಇ) 'ವಿ' ಆಕಾರದ ಬಿಟ್: ಅಕ್ಷರ ಹಾಗೂ ರೇಖಾಚಿತ್ರಗಳಿಗೆ.

4. ಚಿತ್ರವು ಕೆತ್ತನೆಯಾಗುವ ಬಗೆ

ಯಂತ್ರವು ಚಿತ್ರವನ್ನು ನೋಡುವುದಿಲ್ಲ. ಯಾವ ಸ್ಥಳದಲ್ಲಿ ಎಷ್ಟು ಆಳಕ್ಕೆ ಇಳಿಯಬೇಕೆಂಬ ಸಂಖ್ಯೆಗಳನ್ನು ಮಾತ್ರ ಪಾಲಿಸುತ್ತದೆ. ಈ ಸಂಖ್ಯೆಗಳ ಪಟ್ಟಿಯನ್ನು ಜಿ-ಕೋಡ್ ಎನ್ನುತ್ತಾರೆ. ಚಿತ್ರದಿಂದ ಜಿ-ಕೋಡ್ ತಯಾರಾಗುವವರೆಗಿನ ಕೆಲಸವು ಗಣಕದ ಮುಂದೆ ನಡೆಯುತ್ತದೆ. ಕೆತ್ತನೆಯ ಗುಣಮಟ್ಟವು ಬಹುಮಟ್ಟಿಗೆ ಅಲ್ಲಿಯೇ ನಿರ್ಧಾರವಾಗುತ್ತದೆ.

ಉಬ್ಬುಚಿತ್ರಕ್ಕೆ ಬೂದು ಛಾಯೆಯ ಆಳನಕ್ಷೆಯನ್ನು ಬಳಸಲಾಗುತ್ತದೆ. ಇದರಲ್ಲಿ ಬಿಳಿಯ ಭಾಗವೆಂದರೆ ಎತ್ತರ, ಕಪ್ಪು ಭಾಗವೆಂದರೆ ಆಳ, ನಡುವಿನ ಛಾಯೆಗಳು ನಡುವಿನ ಮಟ್ಟಗಳು. ಹೊಸಬರು ಸಾಮಾನ್ಯವಾಗಿ ಎಡವುವುದು ಈ ಹಂತದಲ್ಲಿ. ಕುಟುಂಬದ ಹಿರಿಯರ ಭಾವಚಿತ್ರವನ್ನು ಹಾಗೆಯೇ ಆಳನಕ್ಷೆಯಾಗಿ ಬಳಸಿದಲ್ಲಿ ಕಪ್ಪು ಕೂದಲು ಹಳ್ಳವಾಗುತ್ತದೆ, ಹಣೆಯ ಬಿಳಿ ವಿಭೂತಿ ದಿಬ್ಬವಾಗುತ್ತದೆ, ಮೂಗಿನ ನೆರಳು ಗುಂಡಿಯಾಗುತ್ತದೆ. ಛಾಯಾಚಿತ್ರದಲ್ಲಿರುವುದು ಬೆಳಕಿನ ಮಾಹಿತಿಯೇ ಹೊರತು ಎತ್ತರದ ಮಾಹಿತಿಯಲ್ಲ. ಮೂಗು ಕೆನ್ನೆಗಿಂತ ಎಷ್ಟು ಮುಂದಿದೆ, ಕಿವಿ ಎಷ್ಟು ಹಿಂದಿದೆ ಎಂಬುದನ್ನು ತಂತ್ರಾಂಶದಲ್ಲಿ ಪ್ರತ್ಯೇಕವಾಗಿ ರೂಪಿಸಬೇಕಾಗುತ್ತದೆ. ಛಾಯಾಚಿತ್ರದಿಂದ ಆಳವನ್ನು ಅಂದಾಜಿಸುವ ತಂತ್ರಾಂಶಗಳು ಇತ್ತೀಚೆಗೆ ಬಂದಿವೆಯಾದರೂ ಅವು ನೀಡುವ ನಕ್ಷೆಯನ್ನು ರೂಪಜ್ಞಾನವುಳ್ಳವರು ತಿದ್ದುವುದು ಅವಶ್ಯಕ. ಉಳಿ ಹಿಡಿದು ವಿಗ್ರಹ ಕೆತ್ತಿದ ಅನುಭವವುಳ್ಳವರು ಈ ತಿದ್ದುಪಡಿಯನ್ನು ಸುಲಭವಾಗಿ ಮಾಡಬಲ್ಲರು.

ಆಳನಕ್ಷೆಯ ಸೂಕ್ಷ್ಮತೆಯನ್ನೂ ಗಮನಿಸಬೇಕು. ಸಾಮಾನ್ಯ 8 ಬಿಟ್ ಚಿತ್ರದಲ್ಲಿ 256 ಛಾಯೆಗಳಿರುತ್ತವೆ. 10 ಮಿ.ಮೀ. ಆಳದ ಕೆತ್ತನೆಯಲ್ಲಿ ಒಂದೊಂದು ಛಾಯೆಯ ಅಂತರ ಸುಮಾರು 0.04 ಮಿ.ಮೀ. ಆಗುವುದರಿಂದ ಕಣ್ಣಿಗೆ ಕಾಣುವುದಿಲ್ಲ. 25 ಮಿ.ಮೀ. ಆಳಕ್ಕೆ ಅದೇ ಚಿತ್ರವನ್ನು ಬಳಸಿದಲ್ಲಿ ಅಂತರವು 0.1 ಮಿ.ಮೀ. ಆಗಿ, ಇಳಿಜಾರು ಭಾಗಗಳಲ್ಲಿ ಮೆಟ್ಟಿಲುಗಳಂತಹ ಗುರುತು ಮೂಡಬಹುದು. ಆಳವಾದ ಕೆಲಸಕ್ಕೆ 16 ಬಿಟ್ ಚಿತ್ರ ಸೂಕ್ತ.

ಛಾಯಾಚಿತ್ರವನ್ನು ಮರಕ್ಕೆ ಇಳಿಸಲು ಮತ್ತೊಂದು ವಿಧಾನವೂ ಇದೆ. ಹಲಗೆಗೆ ಗಾಢ ಬಣ್ಣ ಹಚ್ಚಿ, ಅದರ ಮೇಲೆ 'ವಿ' ಬಿಟ್‌ನಿಂದ ಒತ್ತೊತ್ತಾಗಿ ಗೆರೆಗಳನ್ನು ಕೊರೆಯಲಾಗುತ್ತದೆ. ಬಿಟ್ ಆಳಕ್ಕೆ ಇಳಿದಂತೆ ಗೆರೆ ಅಗಲವಾಗಿ ಒಳಗಿನ ತಿಳಿ ಮರ ಹೆಚ್ಚು ಕಾಣುತ್ತದೆ. ದೂರದಿಂದ ನೋಡಿದಾಗ ಗೆರೆಗಳೆಲ್ಲ ಸೇರಿ ಚಿತ್ರವಾಗುತ್ತವೆ. ಈ ವಿಧಾನದಲ್ಲಿ ಛಾಯಾಚಿತ್ರದ ಬೆಳಕಿನ ಮಾಹಿತಿಯೇ ಸಾಕಾಗುತ್ತದೆ. ಸಮಯವೂ ಕಡಿಮೆ ಹಿಡಿಯುತ್ತದೆ.

5. ಕನ್ನಡ ಅಕ್ಷರಗಳ ಕೆತ್ತನೆ

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತರಲಾದ ತಿದ್ದುಪಡಿಯಂತೆ ವಾಣಿಜ್ಯ ಸಂಸ್ಥೆಗಳ ನಾಮಫಲಕದಲ್ಲಿ ಶೇಕಡಾ 60 ಭಾಗ ಕನ್ನಡದಲ್ಲಿದ್ದು, ಅದು ಫಲಕದ ಮೇಲ್ಭಾಗದಲ್ಲಿರತಕ್ಕದ್ದು. ಆದುದರಿಂದ ಮರದ ನಾಮಫಲಕ ತಯಾರಿಸುವ ಘಟಕಗಳಿಗೆ ಕನ್ನಡ ಅಕ್ಷರ ಕೆತ್ತನೆಯು ಮುಖ್ಯ ಕೆಲಸವಾಗಬಲ್ಲದು. ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯಕ.

ಮೊದಲನೆಯದಾಗಿ, ಬರಹವನ್ನು ಒಂದು ಗಣಕದಿಂದ ಇನ್ನೊಂದಕ್ಕೆ ಕಳುಹಿಸುವಾಗ ಅದೇ ಅಕ್ಷರಶೈಲಿ ಅಲ್ಲಿ ಇಲ್ಲದಿದ್ದಲ್ಲಿ ಒತ್ತಕ್ಷರಗಳು ಸ್ಥಾನ ಪಲ್ಲಟವಾಗುತ್ತವೆ. ಆದಕಾರಣ ಬರಹವನ್ನು ರೇಖಾರೂಪಕ್ಕೆ ಪರಿವರ್ತಿಸಿದ ನಂತರವೇ ಯಂತ್ರಕ್ಕೆ ಕಳುಹಿಸತಕ್ಕದ್ದು. ಎರಡನೆಯದಾಗಿ, ಬಿಟ್‌ನ ದಪ್ಪಕ್ಕಿಂತ ಕಿರಿದಾದ ಸಂದಿಯೊಳಗೆ ಬಿಟ್ ಹೋಗಲಾರದು. ಉಬ್ಬಕ್ಷರಗಳ ಸುತ್ತ 3 ಮಿ.ಮೀ. ಬಿಟ್ ಬಳಸಿದಲ್ಲಿ 2 ಮಿ.ಮೀ. ಸಂದಿಗಳು ತೆರೆಯುವುದೇ ಇಲ್ಲ. 'ಟ್ಟ', 'ತ್ತ್ವ', 'ಸ್ತ್ರ' ಮುಂತಾದ ಸಂಯುಕ್ತಾಕ್ಷರಗಳಲ್ಲಿ ಒತ್ತು ಮೂಲಾಕ್ಷರಕ್ಕೆ ಅಂಟಿಕೊಂಡು ಹೆಸರೇ ಬದಲಾದಂತೆ ಕಾಣಬಹುದು. ಅಂತಿಮ ಕೆತ್ತನೆಗೆ ಮುನ್ನ ಅಕ್ಷರಗಳ ಮಾದರಿಯನ್ನು ಗ್ರಾಹಕರಿಗೆ ತೋರಿಸಿ ಲಿಖಿತ ಒಪ್ಪಿಗೆ ಪಡೆಯುವುದು ಸೂಕ್ತ.

6. ಸಮಯ ಮತ್ತು ವೆಚ್ಚದ ಲೆಕ್ಕ

ಯಂತ್ರವು ಕ್ಷಣದಲ್ಲಿ ಕೆತ್ತಿಕೊಡುತ್ತದೆ ಎಂಬ ಭಾವನೆ ಸರಿಯಲ್ಲ. ನಯ ಕೆತ್ತನೆಯಲ್ಲಿ ಬಿಟ್ ಹಲಗೆಯ ಮೇಲೆ ಉಳುಮೆಯ ಸಾಲುಗಳಂತೆ ಒಂದರ ಪಕ್ಕ ಒಂದು ಸಾಲು ಹಾಕುತ್ತ ಸಾಗುತ್ತದೆ. 300 ಮಿ.ಮೀ. ಉದ್ದ ಮತ್ತು 300 ಮಿ.ಮೀ. ಅಗಲದ ಚಿತ್ರಕ್ಕೆ ಸಾಲುಗಳ ನಡುವಿನ ಅಂತರವನ್ನು 0.3 ಮಿ.ಮೀ. ಇಟ್ಟಲ್ಲಿ 1,000 ಸಾಲುಗಳಾಗುತ್ತವೆ. ಅಂದರೆ ಬಿಟ್ 300 ಮೀಟರ್ ದೂರ ಸಾಗಬೇಕು. ನಿಮಿಷಕ್ಕೆ 2 ಮೀಟರ್ ವೇಗದಲ್ಲಿ ಇದಕ್ಕೆ 150 ನಿಮಿಷ, ಅಂದರೆ ಎರಡೂವರೆ ಗಂಟೆ ಬೇಕು. ಅಂತರವನ್ನು 0.15 ಮಿ.ಮೀ.ಗೆ ಇಳಿಸಿದಲ್ಲಿ ಸಮಯ ಐದು ಗಂಟೆಯಾಗುತ್ತದೆ. 1,500 ಮಿ.ಮೀ. ಉದ್ದ ಮತ್ತು 600 ಮಿ.ಮೀ. ಅಗಲದ ಬಾಗಿಲ ಚಿತ್ರವು ಇದರ ಹತ್ತು ಪಟ್ಟು ವಿಸ್ತೀರ್ಣವಾದುದರಿಂದ 0.3 ಮಿ.ಮೀ. ಅಂತರದಲ್ಲಿಯೇ 25 ಗಂಟೆ ತಗಲುತ್ತದೆ. ಒರಟು ಕೆತ್ತನೆ, ಬಿಟ್ ಬದಲಾವಣೆ, ಮರಳುಕಾಗದದ ಕೆಲಸ ಹಾಗೂ ಪಾಲಿಶ್ ಇದಕ್ಕೆ ಹೆಚ್ಚುವರಿ.

ಸಾಲದ ನಿರ್ಧಾರಕ್ಕೂ ಇದೇ ಗಂಟೆಗಳ ಲೆಕ್ಕವೇ ಆಧಾರ. ಉದಾಹರಣೆಗೆ, 4 ಲಕ್ಷ ರೂಪಾಯಿ ಸಾಲವನ್ನು ಶೇಕಡಾ 10ರ ವಾರ್ಷಿಕ ಬಡ್ಡಿಯಲ್ಲಿ 5 ವರ್ಷಗಳಿಗೆ ಪಡೆದರೆ ಮಾಸಿಕ ಕಂತು ಸುಮಾರು 8,500 ರೂಪಾಯಿ. ಯಂತ್ರವು ತಿಂಗಳಿಗೆ 150 ಗಂಟೆ ನಡೆದಲ್ಲಿ ಪ್ರತಿ ಗಂಟೆಯ ಮೇಲೆ ಬೀಳುವ ಕಂತಿನ ಭಾರ ಸುಮಾರು 57 ರೂಪಾಯಿ. ಕೇವಲ 50 ಗಂಟೆ ನಡೆದಲ್ಲಿ ಅದು 170 ರೂಪಾಯಿ. ಬಾಡಿಗೆ, ವಿದ್ಯುತ್, ಬಿಟ್ ಸವಕಳಿ ಮತ್ತು ಕೂಲಿ ಇದರ ಮೇಲೆ ಸೇರುತ್ತವೆ. ಆದುದರಿಂದ ಯಂತ್ರದ ಬೆಲೆಯನ್ನು ವಿಚಾರಿಸುವ ಮುನ್ನ ತಿಂಗಳಿಗೆ ಎಷ್ಟು ಗಂಟೆಗಳ ಕೆಲಸ ಖಚಿತವಾಗಿ ದೊರೆಯುತ್ತದೆ ಎಂಬುದನ್ನು ಬರೆದುಕೊಳ್ಳತಕ್ಕದ್ದು. ಕೆಲಸ ಕಡಿಮೆಯಿರುವವರು ಮೊದಲಿಗೆ ವಿನ್ಯಾಸವನ್ನು ಮಾತ್ರ ತಾವು ತಯಾರಿಸಿ, ಕೆತ್ತನೆಯನ್ನು ಈಗಾಗಲೇ ಯಂತ್ರವಿರುವ ಘಟಕದಲ್ಲಿ ಕೂಲಿ ಆಧಾರದ ಮೇಲೆ ಮಾಡಿಸಿಕೊಳ್ಳುವುದು ಸುರಕ್ಷಿತ ಮಾರ್ಗ.

7. ಮರದ ಆಯ್ಕೆ

ಕೆತ್ತನೆಗೆ ಎಳೆ ಒತ್ತಾಗಿದ್ದು ಗಂಟುಗಳಿಲ್ಲದ, ಚೆನ್ನಾಗಿ ಒಣಗಿದ ಮರ ಬೇಕು. ತೇವಾಂಶವು ಶೇಕಡಾ 8 ರಿಂದ 12ರೊಳಗೆ ಇರುವುದು ಒಳ್ಳೆಯದು. ಹಸಿ ಹಲಗೆಯಲ್ಲಿ ಕೆತ್ತಿದ ಚಿತ್ರವು ಬೇಸಿಗೆಯಲ್ಲಿ ಸೀಳಬಹುದು ಅಥವಾ ಬಾಗಬಹುದು.

(ಅ) ತೇಗ: ಬಾಗಿಲುಗಳಿಗೆ ಉತ್ತಮ. ಇದರಲ್ಲಿ ಸಿಲಿಕಾ ಅಂಶ ಇರುವುದರಿಂದ ಬಿಟ್ ಬೇಗನೆ ಮೊಂಡಾಗುತ್ತದೆ.
(ಆ) ಶಿವನೆ: ಹಗುರವಾಗಿದ್ದು ಕೆತ್ತನೆಗೆ ಒಗ್ಗುವ ಮರ.
(ಇ) ಹಾಲೆ: ಚನ್ನಪಟ್ಟಣದ ಆಟಿಕೆಗಳಿಗೆ ಬಳಸುವ ಬಿಳಿ ಮರ. ಸಣ್ಣ ಕೆತ್ತನೆಗೆ ಸೂಕ್ತ.
(ಈ) ಹೊನ್ನೆ, ಹಲಸು, ಬೇವು: ಅಡ್ಡ ಎಳೆಯಿರುವ ಕಡೆ ಸಿಬಿರು ಏಳದಂತೆ ವೇಗ ತಗ್ಗಿಸಬೇಕು.
(ಉ) ಎಂ.ಡಿ.ಎಫ್. ಹಲಗೆ: ಎಳೆಯಿಲ್ಲದ ಕಾರಣ ಯಂತ್ರಕ್ಕೆ ಸುಲಭ. ಆದರೆ ನೀರು ತಾಗಿದರೆ ಉಬ್ಬುತ್ತದೆ, ಹೊರಬಾಗಿಲಿಗೆ ಯೋಗ್ಯವಲ್ಲ.

ಹಳೆಯ ಮನೆಗಳನ್ನು ಕೆಡವಿದಾಗ ದೊರೆಯುವ ತೇಗದ ಬಾಗಿಲು ಮತ್ತು ಚೌಕಟ್ಟುಗಳು ಚೆನ್ನಾಗಿ ಒಣಗಿರುವುದರಿಂದ ಬೇಡಿಕೆಯಲ್ಲಿವೆ. ಇಂತಹ ಮರದಲ್ಲಿ ಮುರಿದ ಮೊಳೆಗಳು ಅಡಗಿರಬಹುದು. ವೇಗವಾಗಿ ತಿರುಗುವ ಬಿಟ್ ಮೊಳೆಗೆ ತಗುಲಿದಲ್ಲಿ ಮುರಿದು ಸಿಡಿಯುವ ಅಪಾಯವಿರುವುದರಿಂದ ಲೋಹಶೋಧಕದಿಂದ ಪರೀಕ್ಷಿಸಿದ ನಂತರವೇ ಯಂತ್ರಕ್ಕೆ ಇಡತಕ್ಕದ್ದು.

8. ಮರದ ಮೂಲದ ದಾಖಲೆ

ದಿಮ್ಮಿಗಳನ್ನು ಸೀಳುವ ಗರಗಸ ಘಟಕಕ್ಕೆ ಅರಣ್ಯ ಇಲಾಖೆಯ ಪರವಾನಗಿ ಅವಶ್ಯಕ. ಕೆತ್ತನೆ ಘಟಕವು ಈಗಾಗಲೇ ಸೀಳಿದ ಹಲಗೆಗಳನ್ನು ಅಧಿಕೃತ ವ್ಯಾಪಾರಿಗಳಿಂದ ಖರೀದಿಸಿ, ಪ್ರತಿಯೊಂದು ಖರೀದಿಯ ಬಿಲ್ಲನ್ನು ಕಾಪಾಡಿಕೊಳ್ಳತಕ್ಕದ್ದು. ಹಳೆಯ ಮನೆಯ ಮರವಾದಲ್ಲಿಯೂ ಮಾರಾಟ ಮಾಡಿದವರ ರಸೀದಿ ಇರಬೇಕು. ಶ್ರೀಗಂಧದ ಖರೀದಿ, ದಾಸ್ತಾನು ಮತ್ತು ಮಾರಾಟಕ್ಕೆ ಪ್ರತ್ಯೇಕ ಕಟ್ಟುನಿಟ್ಟಿನ ನಿಯಮಗಳಿದ್ದು, ಅರಣ್ಯ ಇಲಾಖೆಯನ್ನು ವಿಚಾರಿಸದೆ ಆ ಮರದ ಕೆಲಸವನ್ನು ಒಪ್ಪಿಕೊಳ್ಳಬಾರದು.

ಬೀಟೆ ಮರವು 2017ರ ಜನವರಿ 2ರಿಂದ ಅಳಿವಿನಂಚಿನ ಪ್ರಭೇದಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. ವಿದೇಶದಲ್ಲಿರುವ ಬಂಧುಗಳಿಗೆ ಅಥವಾ ಗ್ರಾಹಕರಿಗೆ ಬೀಟೆಯ ವಸ್ತುಗಳನ್ನು ಕಳುಹಿಸುವವರು ರಫ್ತು ದಾಖಲೆಗಳ ಬಗ್ಗೆ ಮುಂಚಿತವಾಗಿ ತಿಳಿದುಕೊಳ್ಳತಕ್ಕದ್ದು.

9. ಕೈಕೆತ್ತನೆ ಮತ್ತು ಯಂತ್ರಕೆತ್ತನೆ: ಕಾನೂನಿನ ದೃಷ್ಟಿಯಲ್ಲಿ ವ್ಯತ್ಯಾಸ

ಅರ್ಜಿದಾರರು ಈ ಭಾಗವನ್ನು ವಿಶೇಷವಾಗಿ ಗಮನಿಸಲು ಕೋರಲಾಗಿದೆ.

ಸರಕು ಮತ್ತು ಸೇವಾ ತೆರಿಗೆಗೆ ಸಂಬಂಧಿಸಿದ 2018ರ ಜುಲೈ 26ರ ಅಧಿಸೂಚನೆಯಲ್ಲಿ ಕರಕುಶಲ ವಸ್ತುವಿನ ಅರ್ಥವಿವರಣೆಯನ್ನು ನೀಡಲಾಗಿದೆ. ಅದರ ಸಾರಾಂಶವೆಂದರೆ, ಕೆಲವು ಉಪಕರಣ ಅಥವಾ ಯಂತ್ರಗಳನ್ನು ಬಳಸಿದ್ದರೂ ವಸ್ತುವು ಪ್ರಧಾನವಾಗಿ ಕೈಯಿಂದಲೇ ತಯಾರಾಗಿರಬೇಕು. ಅದರಲ್ಲಿ ಗಣನೀಯವಾದ ಅಲಂಕಾರ ಅಥವಾ ಕುಸುರಿ ಇರಬೇಕು. ಅದೇ ಉಪಯೋಗದ ಯಂತ್ರನಿರ್ಮಿತ ವಸ್ತುವಿಗಿಂತ ಸ್ಪಷ್ಟವಾಗಿ ಭಿನ್ನವಾಗಿರಬೇಕು. ಯಂತ್ರವಿದ್ದ ಮಾತ್ರಕ್ಕೆ ವಸ್ತುವು ಕರಕುಶಲವಲ್ಲ ಎಂದಾಗುವುದಿಲ್ಲ. ಹಾಗೆಯೇ ಒರಟು ಮತ್ತು ನಯ ಕೆತ್ತನೆಗಳೆರಡನ್ನೂ ಯಂತ್ರವೇ ಮುಗಿಸಿ, ಮರಳುಕಾಗದ ಉಜ್ಜುವ ಕೆಲಸ ಮಾತ್ರ ಕೈಯಿಂದ ನಡೆದಲ್ಲಿ ಅದನ್ನು ಪ್ರಧಾನವಾಗಿ ಕೈಯಿಂದ ಆದದ್ದೆಂದು ಹೇಳಲು ಬರುವುದಿಲ್ಲ. ಒರಟು ಭಾಗವನ್ನು ಯಂತ್ರದಿಂದ ತೆಗೆದು ಮುಖ, ಆಭರಣ, ಒಳಗೆತ್ತನೆಗಳನ್ನು ಉಳಿಯಿಂದ ಪೂರೈಸುವ ಘಟಕಗಳು ಎಷ್ಟು ಕೆಲಸ ಯಾವುದರಿಂದ ಆಯಿತು ಎಂಬುದಕ್ಕೆ ಕೆಲಸದ ಪುಸ್ತಕವನ್ನು ಇಡತಕ್ಕದ್ದು.

ಗ್ರಾಹಕರು ವ್ಯತ್ಯಾಸವನ್ನು ಈ ಕೆಳಕಂಡ ಗುರುತುಗಳಿಂದ ತಿಳಿಯಬಹುದು.

(ಅ) ಯಂತ್ರಕೆತ್ತನೆಯ ತಗ್ಗುಗಳಲ್ಲಿ ಸಮಾನಾಂತರವಾದ ಸೂಕ್ಷ್ಮ ಗೆರೆಗಳು ಉಳಿದಿರುತ್ತವೆ.
(ಆ) ಒಳಮೂಲೆಗಳು ಬಿಟ್‌ನ ದುಂಡಗಿನ ಅಳತೆಗೆ ತಕ್ಕಂತೆ ದುಂಡಾಗಿರುತ್ತವೆ. ಉಳಿಯ ಮೂಲೆ ಚೂಪಾಗಿರುತ್ತದೆ.
(ಇ) ಎಡ ಮತ್ತು ಬಲದ ಆನೆಗಳು ಕನ್ನಡಿಯ ಪ್ರತಿಬಿಂಬದಂತೆ ಒಂದೇ ಅಳತೆಯಲ್ಲಿರುತ್ತವೆ.
(ಈ) ಮೂರು ಅಕ್ಷದ ಯಂತ್ರದಲ್ಲಿ ಬಿಟ್ ಮೇಲಿನಿಂದ ಮಾತ್ರ ಇಳಿಯುವುದರಿಂದ ಎಲೆಯ ಅಡಿ, ಹಾರದ ಹಿಂಬದಿಗಳಂತಹ ಒಳಸರಿದ ಭಾಗಗಳನ್ನು ಕೊರೆಯಲಾಗದು.

ಯಂತ್ರದಿಂದ ಕೆತ್ತಿದ ವಸ್ತುವನ್ನು 'ಕೈಕೆತ್ತನೆ' ಎಂದು ಮಾರುವುದು ತಪ್ಪು ನಿರೂಪಣೆಯಾಗಿದ್ದು, ಗ್ರಾಹಕರ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ದೂರಿಗೆ ಆಸ್ಪದ ನೀಡುತ್ತದೆ. ಭೌಗೋಳಿಕ ಸೂಚಕವುಳ್ಳ ಹೆಸರುಗಳನ್ನು ಸುಳ್ಳಾಗಿ ಬಳಸಿದಲ್ಲಿ 1999ರ ಸಂಬಂಧಿತ ಕಾಯ್ದೆಯಂತೆ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಕಾರಾವಾಸ ಹಾಗೂ 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡಕ್ಕೆ ಅವಕಾಶವಿದೆ. ತಿಂಗಳುಗಟ್ಟಲೆ ಕುಳಿತು ಕೆತ್ತುವ ಕುಶಲಕರ್ಮಿಯ ಬೆಲೆಯು ಆ ಹೆಸರಿನ ಮೇಲಿನ ನಂಬಿಕೆಯಿಂದ ಬರುತ್ತದೆ. ಒಂದು ದಿನದಲ್ಲಿ ಯಂತ್ರದಿಂದ ಇಳಿದ ಫಲಕವೂ ಅದೇ ಹೆಸರಿನಲ್ಲಿ ಮಾರಾಟವಾದಲ್ಲಿ ನಷ್ಟವಾಗುವುದು ಗ್ರಾಹಕನಿಗೆ ಮಾತ್ರವಲ್ಲ, ಆ ಕುಶಲಕರ್ಮಿಯ ಮನೆಗೂ ಸಹ. ಬಿಲ್ಲಿನಲ್ಲಿ ಮರದ ಹೆಸರು ಮತ್ತು ಕೆತ್ತನೆಯ ವಿಧಾನವನ್ನು ನಮೂದಿಸುವುದು ಇದಕ್ಕೆ ಸರಳ ಪರಿಹಾರ.

10. ಚಿತ್ರದ ಹಕ್ಕು

ಕೃತಿಸ್ವಾಮ್ಯ ಕಾಯ್ದೆ, 1957ರಂತೆ ಕಲಾಕೃತಿಯ ಹಕ್ಕು ಕಲಾವಿದರ ಜೀವಿತಾವಧಿ ಹಾಗೂ ನಂತರದ 60 ವರ್ಷಗಳವರೆಗೆ ಇರುತ್ತದೆ. 1906ರಲ್ಲಿ ನಿಧನರಾದ ರಾಜಾ ರವಿವರ್ಮರ ಚಿತ್ರಗಳನ್ನು ಆಧರಿಸಿ ಕೆತ್ತಬಹುದು. ಇತ್ತೀಚಿನ ಕಲಾವಿದರ ಚಿತ್ರಗಳಿಗೆ ಅನುಮತಿ ಅವಶ್ಯಕ. ಅಂತರ್ಜಾಲದಿಂದ ಪಡೆದ ವಿನ್ಯಾಸ ಕಡತಗಳನ್ನು ವಾಣಿಜ್ಯ ಉದ್ದೇಶಕ್ಕೆ ಬಳಸಬಹುದೇ ಎಂಬುದನ್ನು ಪರವಾನಗಿಯ ಷರತ್ತುಗಳಲ್ಲಿ ನೋಡಿಕೊಳ್ಳತಕ್ಕದ್ದು. ರಾಷ್ಟ್ರ ಲಾಂಛನವನ್ನು ಖಾಸಗಿ ನಾಮಫಲಕಗಳಲ್ಲಿ ಕೆತ್ತುವುದಕ್ಕೆ 2005ರ ಕಾಯ್ದೆಯ ನಿರ್ಬಂಧವಿದೆ.

11. ಸ್ಥಳ, ಶಬ್ದ ಮತ್ತು ಧೂಳು

ದಕ್ಷಿಣ ಬೆಂಗಳೂರಿನ ಬಡಾವಣೆಗಳಲ್ಲಿ ಬಹುಭಾಗ ವಾಸದ ಪ್ರದೇಶವಾಗಿದೆ. ಜೆ.ಪಿ. ನಗರದ ಸಾರಕ್ಕಿ ಕೈಗಾರಿಕಾ ಬಡಾವಣೆ ಹಾಗೂ ಕನಕಪುರ ರಸ್ತೆಯ ಯಲಚೇನಹಳ್ಳಿ ಕೈಗಾರಿಕಾ ಪ್ರದೇಶಗಳು ಇಂತಹ ಘಟಕಗಳಿಗೆ ಹೆಚ್ಚು ಅನುಕೂಲಕರ. ಬಾಡಿಗೆ ಕರಾರಿಗೆ ಸಹಿ ಮಾಡುವ ಮುನ್ನವೇ ಸದರಿ ಸ್ಥಳದಲ್ಲಿ ಈ ಚಟುವಟಿಕೆಗೆ ಅವಕಾಶವಿದೆಯೇ ಎಂಬುದನ್ನು ನಗರ ಪಾಲಿಕೆಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು. 2025ರ ಸೆಪ್ಟೆಂಬರ್ 2ರಿಂದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಬದಲಿಗೆ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿರುವುದರಿಂದ, ಸ್ವತ್ತು ಯಾವ ಪಾಲಿಕೆಯ ವ್ಯಾಪ್ತಿಯಲ್ಲಿದೆ ಎಂಬುದನ್ನು ನೋಡಿಕೊಂಡು ಉದ್ದಿಮೆ ಪರವಾನಗಿಗೆ ಅರ್ಜಿ ಸಲ್ಲಿಸಬೇಕು.

ಶಬ್ದ ಮಾಲಿನ್ಯ ನಿಯಮಗಳು, 2000ರಂತೆ ಶಬ್ದದ ಮಿತಿ ಹೀಗಿದೆ.

ವಾಸದ ಪ್ರದೇಶ: ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್
ವಾಣಿಜ್ಯ ಪ್ರದೇಶ: ಹಗಲು 65 ಡೆಸಿಬಲ್, ರಾತ್ರಿ 55 ಡೆಸಿಬಲ್
ಕೈಗಾರಿಕಾ ಪ್ರದೇಶ: ಹಗಲು 75 ಡೆಸಿಬಲ್, ರಾತ್ರಿ 70 ಡೆಸಿಬಲ್

ಹಗಲು ಎಂದರೆ ಬೆಳಿಗ್ಗೆ 6 ರಿಂದ ರಾತ್ರಿ 10 ಗಂಟೆಯವರೆಗೆ. 25 ಗಂಟೆಗಳ ಕೆಲಸವನ್ನು ಬೇಗ ಮುಗಿಸಲು ರಾತ್ರಿಯಿಡೀ ಯಂತ್ರ ನಡೆಸುವುದು ವಾಸದ ಪ್ರದೇಶದಲ್ಲಿ ದೂರಿಗೆ ಕಾರಣವಾಗುತ್ತದೆ. ಯಂತ್ರ, ಗಾಳಿ ಹೀರುವ ಪಂಪು ಮತ್ತು ಧೂಳು ಸಂಗ್ರಾಹಕಗಳ ಶಬ್ದ ಒಟ್ಟಾಗುವುದನ್ನು ಗಮನದಲ್ಲಿಡಬೇಕು.

ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲನೆಯ ಗುಂಪಿನಲ್ಲಿ ಸೇರಿಸಿದೆ. ಎಂ.ಡಿ.ಎಫ್. ಹಲಗೆಯಲ್ಲಿ ಸಾಮಾನ್ಯವಾಗಿ ಬಳಸುವ ಅಂಟಿನಿಂದ ಹೊರಬರುವ ಫಾರ್ಮಾಲ್ಡಿಹೈಡ್ ಸಹ ಅದೇ ಗುಂಪಿನಲ್ಲಿದೆ. ಕಣ್ಣಿಗೆ ಕಾಣದ ಸೂಕ್ಷ್ಮ ಧೂಳೇ ಹೆಚ್ಚು ಅಪಾಯಕಾರಿಯಾದುದರಿಂದ ಬಾಗಿಲು ತೆರೆದಿಟ್ಟರೆ ಸಾಕೆಂಬ ಭಾವನೆ ಸರಿಯಲ್ಲ. ಬಿಟ್‌ನ ಬಳಿಯೇ ಧೂಳು ಹೀರುವ ವ್ಯವಸ್ಥೆ, ಕೆಲಸಗಾರರಿಗೆ ಸೂಕ್ತ ಮುಖಗವಸು, ಕನ್ನಡಕ ಮತ್ತು ಕಿವಿಗವಸುಗಳನ್ನು ಒದಗಿಸತಕ್ಕದ್ದು. ತಿರುಗುವ ಸ್ಪಿಂಡಲಿನ ಬಳಿ ಕೈಗವಸು, ಸಡಿಲ ಬಟ್ಟೆ ಧರಿಸಬಾರದು. ಧೂಳಿಗೆ ಬೆಂಕಿ ಬೇಗ ಹತ್ತುವುದರಿಂದ ನಡೆಯುತ್ತಿರುವ ಯಂತ್ರವನ್ನು ಬಿಟ್ಟು ಹೋಗಬಾರದು. ಅಗ್ನಿಶಾಮಕ ಸಾಧನವು ಕೈಗೆಟಕುವಂತಿರಬೇಕು.

ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಯಾವ ವರ್ಗದಲ್ಲಿ ಬೇಕಾಗುತ್ತದೆ ಎಂಬುದನ್ನು ಜಾರಿಯಲ್ಲಿರುವ ಕೈಗಾರಿಕಾ ವರ್ಗೀಕರಣ ಪಟ್ಟಿಯಲ್ಲಿ ಪರಿಶೀಲಿಸತಕ್ಕದ್ದು. ವಿದ್ಯುತ್ ಸಂಪರ್ಕಕ್ಕಾಗಿ ಬೆಸ್ಕಾಂ ಉಪವಿಭಾಗದಲ್ಲಿ ಕೈಗಾರಿಕಾ ಬಳಕೆಯೆಂದೇ ನಮೂದಿಸಿ ಅರ್ಜಿ ಸಲ್ಲಿಸಬೇಕು.

12. ನೋಂದಣಿ ಮತ್ತು ತೆರಿಗೆ

ಉದ್ಯಮ್ ನೋಂದಣಿಯು 2020ರ ಜುಲೈ 1ರಿಂದ ಜಾರಿಯಲ್ಲಿದ್ದು ಸಂಪೂರ್ಣ ಉಚಿತವಾಗಿದೆ. 2025ರ ಏಪ್ರಿಲ್ 1ರಿಂದ ಯಂತ್ರೋಪಕರಣಗಳ ಹೂಡಿಕೆ 2.5 ಕೋಟಿ ಹಾಗೂ ವಾರ್ಷಿಕ ವಹಿವಾಟು 10 ಕೋಟಿ ರೂಪಾಯಿ ಮೀರದ ಘಟಕವು ಸೂಕ್ಷ್ಮ ಉದ್ಯಮವಾಗಿದೆ. ಕೆತ್ತನೆ ಘಟಕಗಳು ಬಹುತೇಕ ಈ ವರ್ಗಕ್ಕೆ ಸೇರುತ್ತವೆ. ರಾಷ್ಟ್ರೀಯ ಕೈಗಾರಿಕಾ ವರ್ಗೀಕರಣದಲ್ಲಿ ಬಾಗಿಲು ಮುಂತಾದ ಕಟ್ಟಡದ ಮರಗೆಲಸಕ್ಕೆ 1622, ಇತರ ಮರದ ವಸ್ತುಗಳಿಗೆ 1629 ಹಾಗೂ ಪೀಠೋಪಕರಣಗಳಿಗೆ 3100 ಸಂಕೇತಗಳಿವೆ.

ಸರಕು ಮತ್ತು ಸೇವಾ ತೆರಿಗೆಯಲ್ಲಿ ಒಂದು ಅಂಶವನ್ನು ಗಮನಿಸಬೇಕು. ಘಟಕವು ತನ್ನದೇ ಮರದಿಂದ ಬಾಗಿಲು ತಯಾರಿಸಿ ಮಾರಿದಲ್ಲಿ ಅದು ಸರಕು. ಗ್ರಾಹಕರು ತಂದ ಹಲಗೆಯ ಮೇಲೆ ಕೆತ್ತನೆ ಮಾತ್ರ ಮಾಡಿಕೊಟ್ಟಲ್ಲಿ ಅದು ಸೇವೆ. ಸರಕು ಮಾತ್ರ ಮಾರುವವರಿಗೆ ನೋಂದಣಿ ಮಿತಿ ಸಾಮಾನ್ಯವಾಗಿ ವಾರ್ಷಿಕ 40 ಲಕ್ಷ ರೂಪಾಯಿ, ಸೇವೆ ನೀಡುವವರಿಗೆ 20 ಲಕ್ಷ ರೂಪಾಯಿ. ಕೂಲಿ ಕೆತ್ತನೆ ಮಾಡುವವರು 40 ಲಕ್ಷದ ಮಿತಿಯನ್ನೇ ನಂಬಿಕೊಂಡಿರಬಾರದು. ತೆರಿಗೆ ದರಗಳು 2025ರ ಸೆಪ್ಟೆಂಬರ್ 22ರಿಂದ ಪರಿಷ್ಕೃತವಾಗಿರುವುದರಿಂದ ಹಳೆಯ ಬಿಲ್ಲುಗಳ ದರವನ್ನು ಅನುಸರಿಸಬಾರದು.

13. ಆರ್ಥಿಕ ನೆರವು

(ಅ) ಪಿ.ಎಂ. ವಿಶ್ವಕರ್ಮ ಯೋಜನೆ: 2023ರ ಸೆಪ್ಟೆಂಬರ್ 17ರಂದು ಆರಂಭವಾಯಿತು. ಬಡಗಿ ಮತ್ತು ಶಿಲ್ಪಿಗಳು ಸೇರಿದಂತೆ 18 ಕಸುಬುಗಳಿಗೆ ಅನ್ವಯಿಸುತ್ತದೆ. ಕೈ ಮತ್ತು ಕೈ ಉಪಕರಣಗಳಿಂದ ಸ್ವಂತ ದುಡಿಮೆ ನಡೆಸುವ, 18 ವರ್ಷ ಮೀರಿದ, ಅಸಂಘಟಿತ ವಲಯದ ಕುಶಲಕರ್ಮಿಗಳು ಅರ್ಹರು. ತರಬೇತಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, 15,000 ರೂಪಾಯಿಗಳವರೆಗೆ ಉಪಕರಣ ನೆರವು, ಮೊದಲ ಹಂತದಲ್ಲಿ 1 ಲಕ್ಷ ಹಾಗೂ ಎರಡನೆಯ ಹಂತದಲ್ಲಿ 2 ಲಕ್ಷ ರೂಪಾಯಿ ಸಾಲ ಶೇಕಡಾ 5ರ ಬಡ್ಡಿಯಲ್ಲಿ ದೊರೆಯುತ್ತದೆ. ಕುಟುಂಬದ ಒಬ್ಬರಿಗೆ ಮಾತ್ರ ಅವಕಾಶ. ಸರ್ಕಾರಿ ನೌಕರರು ಮತ್ತು ಅವರ ಕುಟುಂಬದವರು ಅರ್ಹರಲ್ಲ.

(ಆ) ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ: ಹೊಸ ಘಟಕಗಳಿಗೆ ಮಾತ್ರ. 2021-22 ರಿಂದ 2025-26ರ ಅವಧಿಯ ಮಾರ್ಗಸೂಚಿಯಂತೆ ತಯಾರಿಕಾ ಘಟಕದ ಯೋಜನಾ ವೆಚ್ಚದ ಮಿತಿ 50 ಲಕ್ಷ ರೂಪಾಯಿ. ನಗರ ಪ್ರದೇಶದಲ್ಲಿ ಸಾಮಾನ್ಯ ವರ್ಗಕ್ಕೆ ಶೇಕಡಾ 15, ವಿಶೇಷ ವರ್ಗಕ್ಕೆ ಶೇಕಡಾ 25 ಸಹಾಯಧನ ನಿಗದಿಯಾಗಿತ್ತು. ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ಮಾರ್ಗಸೂಚಿಯನ್ನು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ತಿಳಿದುಕೊಳ್ಳತಕ್ಕದ್ದು.

(ಇ) ಮುದ್ರಾ ಸಾಲ: ಶಿಶು 50,000, ಕಿಶೋರ 5 ಲಕ್ಷ, ತರುಣ 10 ಲಕ್ಷ ರೂಪಾಯಿಗಳವರೆಗೆ. ತರುಣ ಸಾಲವನ್ನು ಪೂರ್ಣ ತೀರಿಸಿದವರಿಗೆ 20 ಲಕ್ಷ ರೂಪಾಯಿಗಳವರೆಗೆ ಅವಕಾಶ ಕಲ್ಪಿಸಲಾಗಿದೆ.

ಕೈ ಉಪಕರಣಗಳ ಯೋಜನೆಗೆ ಯಂತ್ರಘಟಕದ ಅಂದಾಜುಪಟ್ಟಿಯನ್ನೂ, ಯಂತ್ರಘಟಕದ ಸಾಲಕ್ಕೆ ಕುಶಲಕರ್ಮಿಯ ಗುರುತಿನ ಚೀಟಿಯನ್ನು ಮಾತ್ರವೂ ಲಗತ್ತಿಸಿದಲ್ಲಿ ಉದ್ದೇಶ ಈಡೇರುವುದಿಲ್ಲ. ಅರ್ಜಿದಾರರು ತಮ್ಮ ಕೆಲಸವು ಯಾವ ವರ್ಗಕ್ಕೆ ಸೇರುತ್ತದೆ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳತಕ್ಕದ್ದು.

14. ತರಬೇತಿ

ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯು ಮರಗೆಲಸ ಯಂತ್ರಗಳ ತರಬೇತಿ ಕೇಂದ್ರವನ್ನು ಹೊಂದಿದೆ. ರಾಜಾಜಿನಗರದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ ಗಣಕ ನಿಯಂತ್ರಿತ ಯಂತ್ರಗಳ ಕಾರ್ಯಾಚರಣೆಯನ್ನು ಕಲಿಸಲಾಗುತ್ತದೆ. ಯಂತ್ರ ಖರೀದಿಗೆ ಮುನ್ನವೇ ತರಬೇತಿ ಪಡೆಯುವುದು ಉತ್ತಮ.

15. ಸಾಮಾನ್ಯವಾಗಿ ಅಗತ್ಯವಿರುವ ದಾಖಲೆಗಳು

(1) ಆಧಾರ್ ಮತ್ತು ಪ್ಯಾನ್ ಪ್ರತಿ
(2) ಸ್ಥಳದ ಖಾತಾ ಅಥವಾ ಬಾಡಿಗೆ ಕರಾರು
(3) ಯಂತ್ರದ ದರಪಟ್ಟಿ ಮತ್ತು ಯೋಜನಾ ವರದಿ
(4) ಉದ್ಯಮ್ ನೋಂದಣಿ ಪ್ರಮಾಣಪತ್ರ
(5) ಬ್ಯಾಂಕ್ ಖಾತೆಯ ವಿವರ
(6) ಅನ್ವಯವಾದಲ್ಲಿ ಜಾತಿ, ತರಬೇತಿ ಮತ್ತು ವಿದ್ಯಾರ್ಹತೆಯ ಪ್ರಮಾಣಪತ್ರಗಳು

16. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಪಿ.ಎಂ. ವಿಶ್ವಕರ್ಮ ಯೋಜನೆಯು ವಿಶ್ವಕರ್ಮ ಸಮುದಾಯದವರಿಗೆ ಮಾತ್ರವೇ?
ಉತ್ತರ: ಅಲ್ಲ. ಇದು ಕಸುಬನ್ನು ಆಧರಿಸಿದ ಯೋಜನೆ. ಸಮುದಾಯ ಆಧಾರಿತ ನೆರವಿಗೆ ಕರ್ನಾಟಕ ವಿಶ್ವಕರ್ಮ ಸಮುದಾಯಗಳ ಅಭಿವೃದ್ಧಿ ನಿಗಮವನ್ನು ಸಂಪರ್ಕಿಸಬಹುದು.

ಪ್ರಶ್ನೆ: ಮನೆಯ ವಾಹನ ನಿಲುಗಡೆ ಸ್ಥಳದಲ್ಲಿ ಯಂತ್ರವನ್ನು ಇಡಬಹುದೇ?
ಉತ್ತರ: ವಾಹನ ನಿಲುಗಡೆಗೆಂದು ನಕ್ಷೆ ಮಂಜೂರಾದ ಸ್ಥಳವನ್ನು ಬೇರೆ ಉದ್ದೇಶಕ್ಕೆ ಬಳಸುವುದು ಸೂಕ್ತವಲ್ಲ. ಪಾಲಿಕೆಯ ಅನುಮತಿಯಿಲ್ಲದೆ ಚಟುವಟಿಕೆ ಆರಂಭಿಸಬಾರದು.

ಪ್ರಶ್ನೆ: ಉದ್ಯಮ್ ನೋಂದಣಿಗೆ ಮಧ್ಯವರ್ತಿಗಳು ಶುಲ್ಕ ಕೇಳಿದರೆ?
ಉತ್ತರ: ಸರ್ಕಾರದ ಜಾಲತಾಣದಲ್ಲಿ ಯಾವುದೇ ಶುಲ್ಕವಿಲ್ಲ. ಅರ್ಜಿದಾರರು ಸ್ವತಃ ನೋಂದಾಯಿಸಿಕೊಳ್ಳಬಹುದು.

ಪ್ರಶ್ನೆ: ನಡೆಯುತ್ತಿರುವ ಮರಗೆಲಸ ಘಟಕಕ್ಕೆ ಯಂತ್ರ ಸೇರಿಸಲು ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಹೊಸ ಘಟಕದ ಸಹಾಯಧನ ಸಿಗುವುದೇ?
ಉತ್ತರ: ಇಲ್ಲ. ಅಂತಹವರು ಬ್ಯಾಂಕಿನ ಸಾಮಾನ್ಯ ಸಾಲ ಅಥವಾ ಮುದ್ರಾ ಸಾಲವನ್ನು ಪರಿಗಣಿಸಬಹುದು.

ಪ್ರಶ್ನೆ: ಅರ್ಜಿಯು ನಿಗದಿತ ಅವಧಿಯಲ್ಲಿ ಇತ್ಯರ್ಥವಾಗದಿದ್ದರೆ?
ಉತ್ತರ: ಸಕಾಲ ವ್ಯಾಪ್ತಿಯ ಸೇವೆಯಾದಲ್ಲಿ ಸ್ವೀಕೃತಿಯಲ್ಲಿನ ಜಿ.ಎಸ್.ಸಿ. ಸಂಖ್ಯೆಯನ್ನು ನಮೂದಿಸಿ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಆದುದರಿಂದ ಸ್ವೀಕೃತಿಯನ್ನು ತಪ್ಪದೆ ಪಡೆದು ಕಾಪಾಡಿಕೊಳ್ಳತಕ್ಕದ್ದು.

17. ವಿಶೇಷ ಸೂಚನೆ

ಯಂತ್ರ ಮಾರಾಟಗಾರರು ತೋರಿಸುವ ಮಾದರಿಯನ್ನು ನೋಡಿ ಮುಂಗಡ ನೀಡುವ ಮುನ್ನ, ಅರ್ಜಿದಾರರು ತಾವೇ ತಂದ ಚಿತ್ರವನ್ನು ತಾವೇ ತಂದ ಹಲಗೆಯ ಮೇಲೆ ಕೆತ್ತಿಸಿ, ತಗಲಿದ ಗಂಟೆಗಳನ್ನು ಬರೆದುಕೊಳ್ಳತಕ್ಕದ್ದು. ಯೋಜನಾ ವರದಿಯಲ್ಲಿ ಅದೇ ಗಂಟೆಗಳನ್ನು ನಮೂದಿಸಿದಲ್ಲಿ ಬ್ಯಾಂಕಿನ ಪರಿಶೀಲನೆಯೂ ಸುಲಭವಾಗುತ್ತದೆ. ಹೆಚ್ಚಿನ ಮಾಹಿತಿಗಾಗಿ ಸಾರ್ವಜನಿಕರು ಕಛೇರಿಯ ವೇಳೆಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಸಂಪರ್ಕಿಸಬಹುದಾಗಿದೆ.